ಹುಟ್ಟಿದ ತಾರೀಕಿನ ಕಾಲಂ

ಬ್ಯಾಂಕಿನ ಸಿಬ್ಬಂದಿ ವಿಭಾಗದಲ್ಲಿ ದುಡಿದವರಿಗೆ ತಿಂಗಳ ಕೊನೆಯ ದಿನವೆಂದರೆ ಬೀಳ್ಕೊಡುಗೆಯ ದಿನ. ನಾನಿದ್ದ ವಲಯ ಕಚೇರಿಯಲ್ಲಿ 2010ರ ನಂತರದ ಕೆಲವು ವರ್ಷ ಆ ದಿನ ಮಧ್ಯಾಹ್ನದ ಮೇಲೆ ಬೇರೆ ಕೆಲಸ ಸಾಗುತ್ತಲೇ ಇರಲಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಎರಡು ಮಾತು, ಕಾಫಿ. ಒಬ್ಬರದು ಮುಗಿಯುವಷ್ಟರಲ್ಲಿ ಇನ್ನೊಬ್ಬರದು. ಮೇ 31ರಂದಂತೂ ತರಿಸಿದ ಹಾರಗಳು ಸಾಲುತ್ತಿರಲಿಲ್ಲ. ನಮ್ಮ ತಲೆಮಾರಿನವರನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದುಕೊಂಡ ಹುಟ್ಟಿದ ತಾರೀಕುಗಳು ಬಹಳಷ್ಟು ಮೇ, ಜೂನ್ ಆಸುಪಾಸಿನವೇ. ಅಂಥ ಒಂದು ಸಂಜೆ, ಕೆಲಸಕ್ಕೆ ಸೇರಿ ವರ್ಷವಾಗದ ಪ್ರೊಬೇಷನರಿ ಆಫೀಸರ್ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ಕೇಳಿದಳು: ‘ಸಾರ್, ಇಷ್ಟು ಜನ ಒಟ್ಟಿಗೇ ಹೋಗ್ತಾರೆ ಅಂತ ಯಾರಿಗೂ ಮೊದಲೇ ಗೊತ್ತಿರಲಿಲ್ವಾ?’

ಗೊತ್ತಿತ್ತು. ಸೀನಿಯಾರಿಟಿ ಲಿಸ್ಟಿನಲ್ಲಿ ಹೆಸರಿನ ಪಕ್ಕದಲ್ಲೇ ಹುಟ್ಟಿದ ತಾರೀಕಿನ ಕಾಲಂ ಇರುತ್ತದೆ. ಅದಕ್ಕೆ ಅರವತ್ತು ಕೂಡಿಸಿದರೆ ಮುಗಿಯಿತು. ಮಾರುಕಟ್ಟೆಯ ಭವಿಷ್ಯ, ಬಡ್ಡಿ ದರದ ಭವಿಷ್ಯ, ಸರ್ಕಾರದ ಭವಿಷ್ಯ ಯಾವುದನ್ನೂ ಇಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. ಮೂವತ್ತೈದು ವರ್ಷ ಮೊದಲೇ ತಿಳಿದಿದ್ದ ಸಂಗತಿಯೊಂದು ಬಂದೆರಗಿದಾಗ ಇಡೀ ಸಂಸ್ಥೆ ಬೆಚ್ಚಿಬಿದ್ದದ್ದು ಹೇಗೆ ಎಂಬುದು ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ. ಮಾನವ ಸಂಪನ್ಮೂಲ ಯೋಜನೆಗೂ ಸಂಸ್ಥೆಯ ಕಾರ್ಯತಂತ್ರಕ್ಕೂ ಇರಬೇಕಾದ ನಂಟನ್ನು ಕುರಿತ ಈ ಲೇಖನದ ಬೇರು ಆ ಪ್ರಶ್ನೆಯಲ್ಲಿದೆ.

ಲೆಕ್ಕ ನೋಡಲು ಸರಳ. ಇನ್ನು ಐದು ವರ್ಷಕ್ಕೆ ಯಾವ ಕೆಲಸಕ್ಕೆ ಎಷ್ಟು ಜನ ಬೇಕು, ಈಗಿರುವವರಲ್ಲಿ ಆ ಹೊತ್ತಿಗೆ ಎಷ್ಟು ಜನ ಉಳಿದಿರುತ್ತಾರೆ, ನಡುವಿನ ಕೊರತೆಯನ್ನು ಹೊಸ ನೇಮಕದಿಂದ ತುಂಬಬೇಕೋ ಇರುವವರನ್ನೇ ಪಳಗಿಸಬೇಕೋ ಎಂದು ನೋಡುವುದು. ಒಂದು ದರ್ಜೆಯ ನೂರು ಮಂದಿಯಲ್ಲಿ ವರ್ಷಕ್ಕೆ ಹತ್ತು ಮಂದಿ ಬಡ್ತಿ ಪಡೆದು, ಹತ್ತು ಮಂದಿ ಕೆಲಸ ಬಿಟ್ಟು, ಎಂಬತ್ತು ಮಂದಿ ಅಲ್ಲೇ ಉಳಿಯುತ್ತಾರೆ ಎಂದಿಟ್ಟುಕೊಳ್ಳಿ. ಅದೇ ಗತಿ ಮುಂದುವರಿದರೆ ಐದು ವರ್ಷದ ನಂತರ ಆ ನೂರರಲ್ಲಿ ಅದೇ ದರ್ಜೆಯಲ್ಲಿ ಸಿಗುವವರು ಮೂವತ್ಮೂರು ಮಂದಿ. ದರ್ಜೆಯಿಂದ ದರ್ಜೆಗೆ ಹೀಗೆ ಜನ ಹರಿಯುವುದನ್ನು ಸಂಭವನೀಯತೆಯ ಗಣಿತದಲ್ಲಿ ಹಿಡಿಯುವ ವಿಧಾನವನ್ನು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಬಾರ್ತಲೋಮ್ಯೂ 1960ರ ದಶಕದಲ್ಲೇ ಬೆಳೆಸಿದ್ದರು. ಇಂದು ಅದನ್ನು ಎಕ್ಸೆಲ್ ಹಾಳೆಯಲ್ಲಿ ಅರ್ಧ ಗಂಟೆಯಲ್ಲಿ ಮಾಡಬಹುದು.

ಕಷ್ಟವಿರುವುದು ‘ಎಷ್ಟು ಜನ ಬೇಕು’ ಎಂಬ ಮೊದಲ ಪ್ರಶ್ನೆಯಲ್ಲಿ. ಅದಕ್ಕೆ ಸಿಬ್ಬಂದಿ ವಿಭಾಗ ಉತ್ತರ ಕೊಡಲಾರದು. ಸಂಸ್ಥೆ ಎತ್ತ ಹೊರಟಿದೆ ಎಂದು ತಿಳಿದವರು ಕೊಡಬೇಕು. ಆದರೆ ಆ ದಾರಿಯನ್ನು ಗೊತ್ತುಮಾಡುವವರು ಕೂತ ಕೋಣೆಗೂ ಸೀನಿಯಾರಿಟಿ ಲಿಸ್ಟು ಇರುವ ಕಪಾಟಿಗೂ ನಡುವೆ ಹೆಚ್ಚಿನ ಸಂಸ್ಥೆಗಳಲ್ಲಿ ಎರಡು ಮಹಡಿಗಳ ಅಂತರ. ಆ ಅಂತರದ ಬೆಲೆ ಎಷ್ಟೆಂಬುದನ್ನು ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಕಥೆಯಷ್ಟು ಚೆನ್ನಾಗಿ ಹೇಳುವ ಉದಾಹರಣೆ ನನಗೆ ಸಿಕ್ಕಿಲ್ಲ.

ಮಂಗಳೂರಿನಲ್ಲಿ 1906ರಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಆದ ಬ್ಯಾಂಕ್, 1931ರಲ್ಲಿ ವಿಜಯ ಬ್ಯಾಂಕ್. ಇವು ಬೆಳೆದ ರೀತಿಯಲ್ಲಿ ಕಾರ್ಯತಂತ್ರವೂ ಜನರ ಆಯ್ಕೆಯೂ ಬೇರೆಬೇರೆಯಾಗಿ ಇರಲೇ ಇಲ್ಲ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಯನ್ನೇ ನೋಡಿ. 1928ರಲ್ಲಿ ಶುರುವಾದ ಆ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟ್ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಪಡೆಯುತ್ತಿದ್ದ. ಬಡವರ ಉಳಿತಾಯದ ಮೇಲೆ ಬ್ಯಾಂಕು ಕಟ್ಟುವುದು ಕಾರ್ಯತಂತ್ರ. ಊರಿನವರಿಗೆ ಮುಖಪರಿಚಯವಿರುವ, ಅವರ ಮಾತಿನಲ್ಲೇ ಮಾತಾಡುವ, ಸಂಜೆ ಮೀನು ಮಾರುವವಳ ಬುಟ್ಟಿಯ ಪಕ್ಕದಲ್ಲಿ ನಿಂತು ಲೆಕ್ಕ ಬರೆದುಕೊಳ್ಳಬಲ್ಲ ಮನುಷ್ಯ ಇಲ್ಲದಿದ್ದರೆ ಆ ಕಾರ್ಯತಂತ್ರವೇ ಇಲ್ಲ. ಆ ಬ್ಯಾಂಕನ್ನು ಕಟ್ಟಿದ ಡಾ. ಟಿ.ಎಂ.ಎ. ಪೈ ಅವರಂಥವರು ಇದನ್ನು ‘ಮಾನವ ಸಂಪನ್ಮೂಲ ಯೋಜನೆ’ ಎಂದು ಕರೆಯಲಿಲ್ಲ. ಆದರೆ ನನಗೆ ಗೊತ್ತಿರುವ ಅತ್ಯುತ್ತಮ ಸಿಬ್ಬಂದಿ ಯೋಜನೆಗಳಲ್ಲಿ ಅದೊಂದು.

1969ರ ಜುಲೈನಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ಕೆನರಾ, ಸಿಂಡಿಕೇಟ್ ಅದರಲ್ಲಿದ್ದವು. 1980ರ ಎರಡನೇ ಸುತ್ತಿನಲ್ಲಿ ಕಾರ್ಪೊರೇಷನ್, ವಿಜಯ ಸೇರಿದವು. ಸರ್ಕಾರದ ಉದ್ದೇಶ ಸ್ಪಷ್ಟವಿತ್ತು: ಬ್ಯಾಂಕಿಲ್ಲದ ಹಳ್ಳಿಗೆ ಬ್ಯಾಂಕು ಹೋಗಬೇಕು. 1969ರಲ್ಲಿ ದೇಶದಲ್ಲಿ ಎಂಟು ಸಾವಿರ ಚಿಲ್ಲರೆ ವಾಣಿಜ್ಯ ಬ್ಯಾಂಕ್ ಶಾಖೆಗಳಿದ್ದವು. 1990ರ ಹೊತ್ತಿಗೆ ಅವು ಸುಮಾರು ಅರವತ್ತು ಸಾವಿರವಾದವು. ಶಾಖೆಯೆಂದರೆ ಮ್ಯಾನೇಜರ್, ಕ್ಯಾಷಿಯರ್, ಒಂದಿಬ್ಬರು ಕ್ಲಾರ್ಕು, ಒಬ್ಬ ಅಟೆಂಡರ್. ಹಾಗಾಗಿ ಎಪ್ಪತ್ತರ ದಶಕದಲ್ಲಿ, ಎಂಬತ್ತರ ಮೊದಲ ಭಾಗದಲ್ಲಿ ಬಿ.ಕಾಂ. ಮುಗಿಸಿದ ಹುಡುಗರ ಮನೆಮನೆಗೆ ನೇಮಕದ ಆದೇಶ ಬಂತು. ಉಡುಪಿ, ಕುಂದಾಪುರ, ಸಾಗರ, ಧಾರವಾಡದ ಎಷ್ಟು ಕುಟುಂಬಗಳು ಆ ಒಂದು ಲಕೋಟೆಯಿಂದ ಮೇಲೆದ್ದವು ಎಂಬುದನ್ನು ಕಂಡವನು ನಾನು. ಆ ನೇಮಕಾತಿಯನ್ನು ತಪ್ಪೆನ್ನಲು ನನ್ನಿಂದಾಗದು. ಕಾರ್ಯತಂತ್ರಕ್ಕೆ ಜನ ಬೇಕಿದ್ದರು, ಜನ ಬಂದರು.

ಅಂದು ಯಾರೂ ಕೇಳದ ಪ್ರಶ್ನೆ ಇಷ್ಟೇ: ಹತ್ತು ಹನ್ನೆರಡು ವರ್ಷದ ಕಿಂಡಿಯಲ್ಲಿ ಒಂದೇ ವಯಸ್ಸಿನ ಇಷ್ಟು ಜನರನ್ನು ತಂದರೆ ಅವರೆಲ್ಲ ಒಟ್ಟಿಗೇ ನಲವತ್ತು ದಾಟುತ್ತಾರೆ, ಒಟ್ಟಿಗೇ ಬಡ್ತಿಗೆ ಕಾಯುತ್ತಾರೆ, ಒಟ್ಟಿಗೇ ನಿವೃತ್ತರಾಗುತ್ತಾರೆ. ಆಗ ಏನು?

ಅಡಕೆ ತೋಟ ಇಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಇಡೀ ತೋಟವನ್ನು ಒಂದೇ ವರ್ಷ ಹಾಕಿದವನಿಗೆ ಒಂದು ಕಾಲದಲ್ಲಿ ಕೊನೆಯೋ ಕೊನೆ. ಮರಗಳು ಒಟ್ಟಿಗೇ ಮುದಿಯಾದ ಮೇಲೆ ಅಂಗಳ ಬರಿದು. ಹೊಸ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕೇ ಬೇಕು. ಅದಕ್ಕಾಗಿಯೇ ತಿಳಿದವರು ಹಳೆಯ ಮರಗಳ ನಡುವೆ ವರ್ಷವರ್ಷವೂ ಒಂದಷ್ಟು ಸಸಿ ಇಡುತ್ತಾ ಹೋಗುತ್ತಾರೆ. ಆ ವರ್ಷ ಧಾರಣೆ ಕುಸಿದಿದ್ದರೂ ಇಡುತ್ತಾರೆ.

ಬ್ಯಾಂಕುಗಳು ಸಸಿ ಇಡುವುದನ್ನು ನಿಲ್ಲಿಸಿದವು. ಅದಕ್ಕೆ ಕಾರಣಗಳಿದ್ದವು. 1983ರಲ್ಲಿ ನೌಕರರ ಸಂಘಗಳೊಂದಿಗೆ ಯಂತ್ರೀಕರಣದ ಒಪ್ಪಂದವಾಯಿತು. 1984ರಲ್ಲಿ ರಂಗರಾಜನ್ ಸಮಿತಿ ಕಂಪ್ಯೂಟರಿನ ದಾರಿ ತೋರಿಸಿತು. 1991ರ, 1998ರ ನರಸಿಂಹಂ ಸಮಿತಿಗಳು ಲಾಭ, ದಕ್ಷತೆಯ ಮಾತಾಡಿದವು. ಹೊಸ ಖಾಸಗಿ ಬ್ಯಾಂಕುಗಳು ಕಡಿಮೆ ಜನರಿಂದ ಹೆಚ್ಚು ವಹಿವಾಟು ಮಾಡಿ ತೋರಿಸಿದವು. ಸರ್ಕಾರಿ ಬ್ಯಾಂಕುಗಳಲ್ಲಿ ಜನ ಜಾಸ್ತಿಯಾಗಿದ್ದಾರೆ ಎಂಬ ತೀರ್ಮಾನಕ್ಕೆ ಎಲ್ಲರೂ ಬಂದರು. ತೊಂಬತ್ತರ ದಶಕದುದ್ದಕ್ಕೂ ನೇಮಕಾತಿ ಬಹುಮಟ್ಟಿಗೆ ನಿಂತೇ ಹೋಯಿತು. 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಹದಿನೈದು ವರ್ಷ ಸೇವೆ ಮುಗಿದಿದ್ದರೆ ಅಥವಾ ನಲವತ್ತು ವರ್ಷ ತುಂಬಿದ್ದರೆ ಸಾಕು, ಸೇವೆಯ ಪ್ರತಿ ವರ್ಷಕ್ಕೆ ಅರವತ್ತು ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ. ಸುಮಾರು ಒಂದು ಲಕ್ಷ ಮಂದಿ ಸರ್ಕಾರಿ ಬ್ಯಾಂಕುಗಳನ್ನು ಬಿಟ್ಟು ನಡೆದರು.

ಆ ದಿನಗಳನ್ನು ಹತ್ತಿರದಿಂದ ನೋಡಿದ ನನಗೆ ಒಂದು ದೃಶ್ಯ ಮರೆಯುವುದಿಲ್ಲ. ನಮ್ಮಲ್ಲಿ ವಿದೇಶಿ ವಿನಿಮಯದ ಕಾಗದಪತ್ರವನ್ನು ಕಣ್ಣುಮುಚ್ಚಿ ಹೇಳಬಲ್ಲ ಅಧಿಕಾರಿಯೊಬ್ಬರಿದ್ದರು. ಅವರ ಅರ್ಜಿ ಬಂದಾಗ ನಾನು ಮೇಲಿನವರ ಬಳಿ ಹೋಗಿ ‘ಇವರನ್ನು ಬಿಟ್ಟರೆ ಆ ಕೆಲಸಕ್ಕೆ ಇನ್ನೊಬ್ಬರಿಲ್ಲ’ ಎಂದೆ. ‘ಸಂಖ್ಯೆ ತಲುಪಬೇಕು’ ಎಂಬ ಉತ್ತರ ಬಂತು. ಹೊರಗೆ ಬೇರೆ ಕೆಲಸ ಸಿಗುವ ಭರವಸೆ ಇದ್ದವರು, ಅಂದರೆ ಕೆಲಸ ಬಲ್ಲವರು, ಮೊದಲು ಹೊರಟರು. ಎಷ್ಟು ಜನ ಹೋಗಬೇಕು ಎಂದು ಗೊತ್ತುಮಾಡಿದ್ದರು. ಯಾರು ಉಳಿಯಬೇಕು ಎಂದು ಗೊತ್ತುಮಾಡಿದವರು ಇರಲಿಲ್ಲ.

ಅದರ ಬೆನ್ನಿಗೇ ಕೋರ್ ಬ್ಯಾಂಕಿಂಗ್ ಬಂತು. ಶಾಖೆಶಾಖೆಯ ಲೆಡ್ಜರು ಹೋಗಿ ಎಲ್ಲವೂ ಒಂದೇ ಜಾಲಕ್ಕೆ ಸೇರಿತು. ಯಂತ್ರ ಬಂದ ಹೊತ್ತಿಗೆ ಅದನ್ನು ಸಲೀಸಾಗಿ ಕಲಿಯಬಲ್ಲ ಇಪ್ಪತ್ತೈದರ, ಮೂವತ್ತರ ಪ್ರಾಯದವರು ಶಾಖೆಯಲ್ಲಿ ಇರಲೇ ಇಲ್ಲ. ಐವತ್ತು ದಾಟಿದ ಹಿರಿಯರು ಕನ್ನಡಕ ಮೇಲೆ ಸರಿಸಿ ಒಂದೊಂದೇ ಕೀಲಿ ಒತ್ತಿ ಕಲಿತರು. ಅವರ ಮೇಲೆ ನನಗೆ ಅಪಾರ ಗೌರವ. ಕೌಂಟರಿನ ಈಚೆ ಗ್ರಾಹಕರ ಬೈಗುಳ ಕೇಳುತ್ತಾ, ಮನೆಗೆ ರಾತ್ರಿ ಎಂಟಕ್ಕೆ ಹೋಗುತ್ತಾ ಆ ಬದಲಾವಣೆಯನ್ನು ಹೊತ್ತವರು ಅವರೇ.

2010ರಲ್ಲಿ ಎ.ಕೆ. ಖಂಡೇಲ್‌ವಾಲ್ ಅಧ್ಯಕ್ಷತೆಯ ಸಮಿತಿ ಸರ್ಕಾರಿ ಬ್ಯಾಂಕುಗಳ ಸಿಬ್ಬಂದಿ ಸ್ಥಿತಿಯ ಬಗ್ಗೆ ವರದಿ ಕೊಟ್ಟಾಗ ಎಪ್ಪತ್ತರ ದಶಕದ ಆ ತಲೆಮಾರು ಮನೆಯ ದಾರಿ ಹಿಡಿಯತೊಡಗಿತ್ತು. ಕೆಲವೇ ವರ್ಷಗಳಲ್ಲಿ ಜನರಲ್ ಮ್ಯಾನೇಜರ್ ಹಂತದ ಬಹುಪಾಲು ಮಂದಿ ನಿವೃತ್ತರಾಗುತ್ತಾರೆ, ಅವರ ಜಾಗಕ್ಕೆ ಏರಬೇಕಾದ ನಡುವಿನ ತಲೆಮಾರು ತೆಳ್ಳಗಿದೆ ಎಂಬುದು ಅದರ ಮುಖ್ಯ ಆತಂಕ. 2011ರಿಂದ ಐಬಿಪಿಎಸ್ ನಡೆಸುವ ಸಾಮಾನ್ಯ ಪರೀಕ್ಷೆಯ ಮೂಲಕ ಮತ್ತೆ ಸಾಲುಸಾಲಾಗಿ ನೇಮಕಾತಿ ನಡೆಯಿತು. ಮೂವತ್ತು ತುಂಬದ ಹುಡುಗರು ಸಣ್ಣ ಊರುಗಳಲ್ಲಿ ಶಾಖಾ ವ್ಯವಸ್ಥಾಪಕರಾದರು. ಸಾಲ ಕೇಳಲು ಬಂದವನ ಮುಖ ನೋಡಿ, ಅವನ ತೋಟ ನೋಡಿ, ಊರಿನಲ್ಲಿ ನಾಲ್ಕು ಮಾತು ಕೇಳಿ ನಿರ್ಧರಿಸುವ ವಿದ್ಯೆ ಪುಸ್ತಕದಲ್ಲಿಲ್ಲ. ಹತ್ತು ವರ್ಷ ಹಿರಿಯರೊಬ್ಬರ ಪಕ್ಕದಲ್ಲಿ ಕೂತು ಕಲಿಯಬೇಕಾದದ್ದು ಅದು. ಪಕ್ಕದ ಕುರ್ಚಿ ಖಾಲಿಯಿತ್ತು.

ಇನ್ನೊಂದು ನಷ್ಟ ಭಾಷೆಯದು. ದೇಶಕ್ಕೆಲ್ಲ ಒಂದೇ ಪರೀಕ್ಷೆ ಎಂದಾಗ ನೇಮಕಾತಿ ಅಗ್ಗವಾಯಿತು, ಸುಲಭವಾಯಿತು. ಆದರೆ ಕನ್ನಡ ಬಾರದ ಅಧಿಕಾರಿ ಹಾವೇರಿ, ಕೊಪ್ಪಳದ ಹಳ್ಳಿಯ ಕೌಂಟರಿನಲ್ಲಿ ಕೂತಾಗ ಪಿಗ್ಮಿಯ ಕಾಲದಿಂದ ಕಟ್ಟಿಕೊಂಡು ಬಂದ ನೆಂಟಸ್ತನ ಸಡಿಲವಾಯಿತು. ಕರ್ನಾಟಕದಿಂದ ಎದ್ದ ಒತ್ತಾಯದ ನಂತರ 2019ರ ಜುಲೈನಲ್ಲಿ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಹಣಕಾಸು ಸಚಿವೆ ಪ್ರಕಟಿಸಿದರು. ಈ ವಿವಾದವನ್ನು ಭಾಷಾಭಿಮಾನದ ಪ್ರಶ್ನೆಯೆಂದಷ್ಟೇ ನೋಡುವವರಿದ್ದಾರೆ. ನಾನು ಅದನ್ನು ಕಾರ್ಯತಂತ್ರದ ಪ್ರಶ್ನೆಯೆಂದೂ ನೋಡುತ್ತೇನೆ. ರೈತನ ವಿಶ್ವಾಸವೇ ಬಂಡವಾಳವಾಗಿರುವ ಬ್ಯಾಂಕಿಗೆ ಅವನ ಮಾತು ಬರುವ ನೌಕರ ಬೇಕು ಎಂಬುದು ನೇಮಕಾತಿಯ ಮೊದಲ ಸಾಲಿನಲ್ಲೇ ಇರಬೇಕಿತ್ತು.

ಇಷ್ಟು ಹೇಳಿದ ಮೇಲೆ ಈ ವಿಷಯದ ಬಗ್ಗೆ ವಿದ್ವಾಂಸರು ಏನು ಯೋಚಿಸಿದ್ದಾರೆ ಎಂಬುದನ್ನು ನೋಡಬೇಕು. ಅಮೆರಿಕದ ಇತಿಹಾಸಕಾರ ಆಲ್‌ಫ್ರೆಡ್ ಚಾಂಡ್ಲರ್ 1962ರಲ್ಲಿ ದೊಡ್ಡ ಉದ್ಯಮಗಳ ಚರಿತ್ರೆ ಬರೆದು, ಕಾರ್ಯತಂತ್ರ ಮುಂದೆ ನಡೆಯುತ್ತದೆ, ಸಂಸ್ಥೆಯ ರಚನೆ ಅದರ ಹಿಂದೆ ಬರುತ್ತದೆ ಎಂದು ವಾದಿಸಿದರು. ಅದೇ ವರ್ಷ ದೆಹಲಿಯಲ್ಲಿ ಅನ್ವಯಿಕ ಮಾನವಶಕ್ತಿ ಸಂಶೋಧನಾ ಸಂಸ್ಥೆ ಶುರುವಾಯಿತು. ದೇಶಕ್ಕೆ ಎಷ್ಟು ಎಂಜಿನಿಯರು, ಎಷ್ಟು ವೈದ್ಯರು ಬೇಕೆಂದು ಪಂಚವಾರ್ಷಿಕ ಯೋಜನೆಗೆ ಲೆಕ್ಕ ಕೊಡುವುದು ಅದರ ಕೆಲಸ. ಅದು ‘ಮ್ಯಾನ್‌ಪವರ್ ಪ್ಲಾನಿಂಗ್’ ಕಾಲ. ಉಕ್ಕು ಎಷ್ಟು ಟನ್ ಎಂದು ಬರೆದ ಹಾಳೆಯಲ್ಲೇ ಎಂಜಿನಿಯರ್ ಎಷ್ಟು ಮಂದಿ ಎಂದೂ ಬರೆಯಬಹುದೆಂಬ ವಿಶ್ವಾಸ. ಅರವತ್ತರ ದಶಕದ ಕೊನೆಗೆ ಆರ್ಥಿಕ ಹಿಂಜರಿತ ಬಂದು, ಪದವಿ ಪಡೆದ ಎಂಜಿನಿಯರುಗಳೇ ಕೆಲಸವಿಲ್ಲದೆ ಕೂತಾಗ ಆ ವಿಶ್ವಾಸಕ್ಕೆ ಪೆಟ್ಟು ಬಿತ್ತು.

1984ರಲ್ಲಿ ಅಮೆರಿಕದಲ್ಲಿ ಎರಡು ಚಿಂತನೆಗಳು ಜೊತೆಯಲ್ಲೇ ಹೊರಬಂದವು. ಮಿಷಿಗನ್ ಬಳಗದ ಫೋಂಬ್ರನ್, ಟಿಚಿ, ಡೆವಾನಾ ಅವರದು ಬಿಗಿಯಾದ ಮಾದರಿ. ಆಯ್ಕೆ, ಮೌಲ್ಯಮಾಪನ, ಸಂಭಾವನೆ, ತರಬೇತಿ ನಾಲ್ಕೂ ಕಾರ್ಯತಂತ್ರದ ಅಚ್ಚಿಗೆ ಸರಿಯಾಗಿ ಕೂರಬೇಕು. ಹಾರ್ವರ್ಡಿನ ಮೈಕೆಲ್ ಬಿಯರ್ ಮತ್ತು ಸಂಗಡಿಗರು ಸ್ವಲ್ಪ ಮೃದು. ನೌಕರರು, ಸಂಘಗಳು, ಸಮಾಜ ಇವರ ಹಿತವೂ ಆ ಲೆಕ್ಕದೊಳಗೆ ಬರಬೇಕೆಂದರು. 1991ರಲ್ಲಿ ಜೇ ಬಾರ್ನಿ ಬರೆದ ಪ್ರಬಂಧ ಈ ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಬೆಲೆಬಾಳುವ, ವಿರಳವಾದ, ಇತರರು ನಕಲು ಮಾಡಲಾಗದ ಸಂಪತ್ತು ಯಾವ ಸಂಸ್ಥೆಯಲ್ಲಿದೆಯೋ ಅದಕ್ಕೇ ಬಾಳಿಕೆ ಬರುವ ಮೇಲುಗೈ ಎಂದರು ಅವರು. ಯಂತ್ರವನ್ನು ಯಾರೂ ಕೊಳ್ಳಬಹುದು. ಒಟ್ಟಾಗಿ ಹದಿನೈದು ವರ್ಷ ಕೆಲಸ ಮಾಡಿದ ತಂಡವೊಂದರ ಪಳಗಿಕೆಯನ್ನು ಕೊಳ್ಳಲಾಗದು. ಹಾಗಾದರೆ ಕಾರ್ಯತಂತ್ರ ಮಾಡಿಟ್ಟು ಜನರನ್ನು ಹುಡುಕುವುದಷ್ಟೇ ಸಾಲದು, ಇರುವ ಜನ ಏನು ಮಾಡಬಲ್ಲರು ಎಂಬುದರಿಂದಲೇ ಕಾರ್ಯತಂತ್ರ ಹುಟ್ಟಬೇಕು ಎಂದಾಯಿತು. ನನ್ನ ಒಲವು ಈ ಕಡೆಗೇ.

ನಮ್ಮಲ್ಲಿ ಉದಯ್ ಪಾರೀಕ್, ಟಿ.ವಿ. ರಾವ್ ಎಂಬ ಇಬ್ಬರು ಪ್ರಾಧ್ಯಾಪಕರು ಎಪ್ಪತ್ತರ ದಶಕದ ನಡುವಿನಲ್ಲಿ ಲಾರ್ಸನ್ ಅಂಡ್ ಟುಬ್ರೊಗಾಗಿ ಮಾನವ ಸಂಪನ್ಮೂಲ ಅಭಿವೃದ್ಧಿಯ ಪ್ರತ್ಯೇಕ ವ್ಯವಸ್ಥೆಯನ್ನೇ ರೂಪಿಸಿಕೊಟ್ಟರು. ಆ ಪದ ಭಾರತದ ಕಚೇರಿಗಳಿಗೆ ಬಂದದ್ದು ಹಾಗೆ. ‘ಸಂಪನ್ಮೂಲ’ ಎಂಬ ಮಾತು ನನಗೆ ಎಂದೂ ಪೂರ್ತಿ ಹಿಡಿಸಿಲ್ಲ. ಕಲ್ಲಿದ್ದಲೂ ಸಂಪನ್ಮೂಲ, ಕಾವೇರಿಯ ನೀರೂ ಸಂಪನ್ಮೂಲ. ಅವೆರಡಕ್ಕೂ ಊರಿಗೆ ಹಿಂದಿರುಗಬೇಕೆಂಬ ಆಸೆ ಇರುವುದಿಲ್ಲ, ಮಗಳ ಪಿಯುಸಿ ಪರೀಕ್ಷೆ ಇರುವುದಿಲ್ಲ. ಹಳೆಯ ‘ಸಿಬ್ಬಂದಿ’ ಎಂಬ ಪದದಲ್ಲಿ ಕನಿಷ್ಠ ಮನುಷ್ಯರು ಕಾಣುತ್ತಿದ್ದರು.

ಈಚಿನವರಲ್ಲಿ ಪೀಟರ್ ಕ್ಯಾಪೆಲ್ಲಿ 2008ರಲ್ಲಿ ಇಟ್ಟ ವಾದ ವ್ಯವಹಾರಸ್ಥರಿಗೆ ಹತ್ತಿರವಾದದ್ದು. ದೂರದ ಭವಿಷ್ಯವನ್ನು ಊಹಿಸಿ ಜನರನ್ನು ಗೋದಾಮಿನಲ್ಲಿಟ್ಟಂತೆ ಕೂಡಿಡಬೇಡಿ. ಸ್ವಲ್ಪ ಕೊರತೆ ಇಟ್ಟುಕೊಂಡು, ಒಂದು ಭಾಗ ಒಳಗೆ ಬೆಳೆಸಿ, ಇನ್ನೊಂದು ಭಾಗ ಹೊರಗಿನಿಂದ ತನ್ನಿ ಎನ್ನುತ್ತಾರೆ ಅವರು. ವೇಗವಾಗಿ ಬದಲಾಗುವ ಉದ್ಯಮಗಳಿಗೆ ಇದು ಒಪ್ಪುವ ಮಾತು. ಆದರೆ ಹೊರಗಿನ ಮಾರುಕಟ್ಟೆಯಲ್ಲಿ ಸಿಗಬೇಕಾದರೆ ಯಾರೋ ಎಲ್ಲೋ ಬೆಳೆಸಿರಬೇಕಲ್ಲ. ಎಲ್ಲರೂ ಕೊಳ್ಳುವವರೇ ಆದರೆ ಬೆಳೆಯುವವರು ಯಾರು?

ಬೆಂಗಳೂರಿನಲ್ಲಿ ಹಾಗೆ ಜನರನ್ನು ಬೆಳೆಸಿದವರಿದ್ದರು. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುಮಾಡಿದಾಗ ವಿಮಾನ ಬಲ್ಲ ಎಂಜಿನಿಯರುಗಳು ಇಲ್ಲಿ ಇರಲಿಲ್ಲ. ಎರಡೇ ವರ್ಷದಲ್ಲಿ, 1942ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಅದರ ಮೊದಲ ದಿನಗಳಲ್ಲಿ ದುಡಿದ ವಿ.ಎಂ. ಘಾಟಗೆ ಮುಂದೆ ಕಾರ್ಖಾನೆಗೇ ಬಂದು ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸದ ಹೊಣೆ ಹೊತ್ತರು. 1951ರಲ್ಲಿ ಅದು ಹಾರಿತು. ಅದಕ್ಕೂ ಹಿಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ಭದ್ರಾವತಿಯ ಕಬ್ಬಿಣದ ಕುಲುಮೆ ಉರಿದದ್ದು 1923ರಲ್ಲಿ. ಕಾಲೇಜು ಮೊದಲು, ಕುಲುಮೆ ಆಮೇಲೆ.

ಹೋಮಿ ಭಾಭಾ ಅವರಷ್ಟು ದೂರಕ್ಕೆ ನೋಡಿದವರು ಮಾತ್ರ ಅಪರೂಪ. 1944ರ ಮಾರ್ಚಿನಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡುತ್ತಿದ್ದಾಗ, ದೊರಾಬ್ಜಿ ಟಾಟಾ ಟ್ರಸ್ಟಿಗೆ ಅವರೊಂದು ಪತ್ರ ಬರೆದರು. ಇನ್ನು ಒಂದೆರಡು ದಶಕದಲ್ಲಿ ಪರಮಾಣು ಶಕ್ತಿಯಿಂದ ವಿದ್ಯುತ್ ತಯಾರಾದಾಗ ಭಾರತ ಪರಿಣತರಿಗಾಗಿ ಹೊರದೇಶದ ಕಡೆ ನೋಡಬೇಕಾಗಬಾರದು, ಅವರು ಇಲ್ಲೇ ಸಿದ್ಧರಿರಬೇಕು ಎಂಬುದು ಅದರ ಸಾರ. ಹಿರೋಷಿಮಾ ಇನ್ನೂ ನಡೆದಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಪತ್ರದ ಫಲವಾಗಿ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಕೆಲಸ ಶುರುಮಾಡಿ, ಆಮೇಲೆ ಮುಂಬಯಿಗೆ ಹೋಯಿತು. 1957ರಲ್ಲಿ ಟ್ರಾಂಬೆಯಲ್ಲಿ ತರಬೇತಿ ಶಾಲೆ ತೆರೆದು, ಪ್ರತಿ ವರ್ಷ ಪದವೀಧರರನ್ನು ಆರಿಸಿ ಒಂದು ವರ್ಷ ಕಲಿಸಿ ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿ ಬಂತು. ತಾರಾಪುರದ ಸ್ಥಾವರ ವಿದ್ಯುತ್ ಕೊಟ್ಟದ್ದು 1969ರಲ್ಲಿ, ಪತ್ರ ಬರೆದ ಇಪ್ಪತ್ತೈದು ವರ್ಷಕ್ಕೆ. ಅದನ್ನು ನೋಡಲು ಭಾಭಾ ಬದುಕಿರಲಿಲ್ಲ. ಟ್ರಾಂಬೆಯ ಆ ಶಾಲೆಗೆ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆ ಆಗಿರಬಹುದು, ಬಾಗಿಲು ಮುಚ್ಚಲಿಲ್ಲ. ಬಾಹ್ಯಾಕಾಶ ಇಲಾಖೆ 2007ರಲ್ಲಿ ತಿರುವನಂತಪುರದಲ್ಲಿ ತನ್ನದೇ ವಿದ್ಯಾಸಂಸ್ಥೆ ತೆರೆದದ್ದೂ ಇದೇ ಜಾಡಿನಲ್ಲಿ.

ಬಿಡಿಸಿ ಹೇಳುವುದಾದರೆ ಭಾಭಾ ಸಂಖ್ಯೆಯಿಂದ ಶುರುಮಾಡಲಿಲ್ಲ, ಪಕ್ವವಾಗಲು ಬೇಕಾದ ಕಾಲದಿಂದ ಶುರುಮಾಡಿದರು. ರಿಯಾಕ್ಟರ್ ಕಟ್ಟಲು ಕೆಲವು ವರ್ಷ ಸಾಕು, ಅದನ್ನು ಬಲ್ಲ ವಿಜ್ಞಾನಿ ತಯಾರಾಗಲು ಹದಿನೈದು ವರ್ಷ ಬೇಕು. ಹಾಗಿದ್ದರೆ ಮೊದಲು ಏನು ಮಾಡಬೇಕೆಂಬುದು ತಾನೇ ತೀರ್ಮಾನವಾಗುತ್ತದೆ.

ಕಲಿತ ಕೈಗಳಿದ್ದರೂ ಸಂಸ್ಥೆ ದಾರಿ ಬದಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಚ್‌ಎಂಟಿ ಸಾಕ್ಷಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಯಂತ್ರೋಪಕರಣಕ್ಕೆಂದು ಶುರುವಾದ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಗಡಿಯಾರ ಮಾಡತೊಡಗಿತು. ಕೀಲಿ ಕೊಡುವ ಗಡಿಯಾರದ ಸಣ್ಣ ಚಕ್ರ, ಸ್ಪ್ರಿಂಗುಗಳನ್ನು ಜೋಡಿಸುವ ನೂರಾರು ನುರಿತ ಕೈಗಳು ಅಲ್ಲಿ ತಯಾರಾದವು. 1984ರಲ್ಲಿ ಹುಟ್ಟಿದ ಟೈಟನ್ ಕ್ವಾರ್ಟ್ಸ್ ಗಡಿಯಾರವನ್ನೇ ತನ್ನ ದಾರಿಯೆಂದು ಆರಿಸಿಕೊಂಡು, ಹೊಸೂರಿನ ಕಾರ್ಖಾನೆಗೆ ಸುತ್ತಲಿನ ಹಳ್ಳಿಗಳಿಂದ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ತಂದು ಪಳಗಿಸಿತು. ಎಚ್‌ಎಂಟಿಯಲ್ಲಿ ಅನುಭವ ಪಡೆದ ಕೆಲವರೂ ಅಲ್ಲಿಗೆ ಹೋದರು. ಎಚ್‌ಎಂಟಿಯ ಕೆಲಸಗಾರರಿಗೆ ಹೊಸ ಗಡಿಯಾರ ಮಾಡಲು ಬಾರದೆಂದಲ್ಲ. ಅವರ ಕುಶಲತೆ ಹಳೆಯ ಗಡಿಯಾರದ ಸುತ್ತ ಹೆಪ್ಪುಗಟ್ಟಿತ್ತು. ಅದನ್ನು ಕರಗಿಸಿ ಬೇರೆ ಅಚ್ಚಿಗೆ ಎರೆಯುವ ಯೋಜನೆ ಮೇಲಿನಿಂದ ಸಕಾಲಕ್ಕೆ ಬರಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ನನ್ನ ಮೊದಲ ಸಂಬಳದಲ್ಲಿ ಕೊಂಡದ್ದು ಎಚ್‌ಎಂಟಿ ಗಡಿಯಾರ. ಈಗಲೂ ನಡೆಯುತ್ತದೆ.

ಸಾಫ್ಟ್‌ವೇರ್ ಕಂಪನಿಗಳದು ಇದಕ್ಕೆ ತದ್ವಿರುದ್ಧ ಜಗತ್ತು. ಅಲ್ಲಿ ಜನರ ಸಂಖ್ಯೆಯೇ ಕಾರ್ಯತಂತ್ರ. ಕೆಳಗೆ ಅಗಲವಾಗಿ ಹೊಸಬರು, ಮೇಲೆ ಹೋದಂತೆ ಕಿರಿದಾಗುವ ಪಿರಮಿಡ್. ಹೊಸಬರ ಕಡಿಮೆ ಸಂಬಳದಲ್ಲಿ ಕಂಪನಿಯ ಲಾಭ. ಗ್ರಾಹಕರ ಕೆಲಸ ಬರುವ ಮೊದಲೇ ಜನ ಸಿದ್ಧರಿರಲೆಂದು ಒಂದಷ್ಟು ಮಂದಿಯನ್ನು ‘ಬೆಂಚ್’ ಮೇಲೆ ಕೂರಿಸುತ್ತಾರೆ. ಇನ್ಫೋಸಿಸ್ ಮೈಸೂರಿನಲ್ಲಿ ಸಾವಿರಾರು ಮಂದಿ ಒಟ್ಟಿಗೆ ಉಳಿದು ಕಲಿಯುವ ತರಬೇತಿ ಆವರಣ ಕಟ್ಟಿದ್ದು ಈ ಲೆಕ್ಕದ ಮೇಲೆಯೇ, ಮತ್ತು ಸಣ್ಣ ಊರಿನ ಕಾಲೇಜಿನಲ್ಲಿ ಓದಿದ ಎಷ್ಟೋ ಮಕ್ಕಳಿಗೆ ಅದು ನಿಜವಾದ ವಿಶ್ವವಿದ್ಯಾನಿಲಯವಾಯಿತು. ಆದರೆ ಈ ಲೆಕ್ಕ ಎಷ್ಟು ಜೋರಾಗಿ ಏರಿಳಿಯುತ್ತದೆ ನೋಡಿ. ಕೋವಿಡ್ ನಂತರದ ಬೇಡಿಕೆಯಲ್ಲಿ, 2021-22ರಲ್ಲಿ, ಆ ಒಂದೇ ಕಂಪನಿ ಸುಮಾರು 85,000 ಹೊಸ ಪದವೀಧರರನ್ನು ತೆಗೆದುಕೊಂಡಿತು. 2022ರ ಮಧ್ಯದಲ್ಲಿ ಕೆಲಸ ಬಿಡುವವರ ಪ್ರಮಾಣ ಶೇ. 28 ದಾಟಿತ್ತು. 2023-24ಕ್ಕೆ ಹೊಸಬರ ನೇಮಕ ಸುಮಾರು 12,000ಕ್ಕೆ ಇಳಿಯಿತು. ಒಟ್ಟು ಉದ್ಯಮದಲ್ಲಿ ಆಫರ್ ಲೆಟರ್ ಕೈಯಲ್ಲಿ ಹಿಡಿದು ಕರೆ ಬರಲೆಂದು ತಿಂಗಳುಗಟ್ಟಲೆ ಕಾದವರು ಕಡಿಮೆಯಿಲ್ಲ. ಕಂಪನಿಯ ದೃಷ್ಟಿಯಲ್ಲಿ ಅದು ಬೇಡಿಕೆಯ ಮರುಲೆಕ್ಕ. ಆ ಹುಡುಗನ ಮನೆಯಲ್ಲಿ ಅದು ಶಿಕ್ಷಣ ಸಾಲದ ಕಂತು.

ಕೃತಕ ಬುದ್ಧಿಮತ್ತೆ ಈಗ ಆ ಪಿರಮಿಡ್ಡಿನ ಬುಡಕ್ಕೇ ಬಂದಿದೆ. ಹೊಸಬರು ಮಾಡುತ್ತಿದ್ದ ಕೋಡಿಂಗ್, ಪರೀಕ್ಷೆಯ ಕೆಲಸದ ಒಂದು ಭಾಗ ಯಂತ್ರಕ್ಕೆ ಹೋಗುತ್ತಿದೆ. ಹಾಗೆಂದು ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರೆ ಹದಿನೈದು ವರ್ಷದ ನಂತರ ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲ ಹಿರಿಯರು ಎಲ್ಲಿಂದ ಬರುತ್ತಾರೆ? ತೊಂಬತ್ತರ ದಶಕದಲ್ಲಿ ಕಂಪ್ಯೂಟರನ್ನು ನೋಡಿ ಬ್ಯಾಂಕುಗಳು ಮಾಡಿದ್ದು ಇದೇ ತಪ್ಪು. ನನಗೆ ಈಗ ನಿಜಕ್ಕೂ ಭಯವಾಗುವುದು ಈ ಒಂದು ವಿಷಯದಲ್ಲಿ.

ಸರ್ಕಾರದ ಕಚೇರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಾಜ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ. ಹೊಸ ಯೋಜನೆಗಳು ಬಜೆಟ್ಟಿನಲ್ಲಿ ಪ್ರತಿ ವರ್ಷ ಬರುತ್ತವೆ. ಅವನ್ನು ಹಳ್ಳಿಗೆ ಮುಟ್ಟಿಸಬೇಕಾದ ಗ್ರಾಮ ಲೆಕ್ಕಿಗ, ಶಿಕ್ಷಕ, ಶುಶ್ರೂಷಕಿ ಎಷ್ಟು ಮಂದಿ ಎಂಬ ಪುಟ ಆ ಬಜೆಟ್ ಪುಸ್ತಕದಲ್ಲಿ ಇರುವುದಿಲ್ಲ. ಹೊರಗುತ್ತಿಗೆಯಲ್ಲಿ ಬಂದ ನೌಕರ ಅದೇ ಕೆಲಸವನ್ನು ತೀರಾ ಕಡಿಮೆ ಸಂಬಳಕ್ಕೆ ಮಾಡುತ್ತಾ, ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲೇ ಕಲಿಯಬೇಕು.

ನನ್ನ ಅನುಭವದಲ್ಲಿ ಈ ನಂಟು ಕೂಡಿಬರುವುದು ಒಂದು ಸಣ್ಣ ಅಭ್ಯಾಸದಿಂದ. ನಿರ್ದೇಶಕ ಮಂಡಳಿಯ ಮುಂದೆ ಯಾವ ಹೊಸ ಯೋಜನೆ ಬಂದರೂ ಹಣ ಎಷ್ಟು, ಎಲ್ಲಿಂದ ಎಂದು ಕೇಳುವಂತೆಯೇ, ಇದನ್ನು ಮಾಡಬಲ್ಲವರು ಇವತ್ತು ಎಷ್ಟು ಮಂದಿ ಇದ್ದಾರೆ, ಒಬ್ಬರು ತಯಾರಾಗಲು ಎಷ್ಟು ವರ್ಷ ಬೇಕು, ಅಷ್ಟು ವರ್ಷ ನಮ್ಮ ಬಳಿ ಇದೆಯೇ ಎಂದು ಕೇಳುವುದು. ಉತ್ತರ ‘ಇಲ್ಲ’ ಎಂದಾದರೆ ಯೋಜನೆಯೇ ಬದಲಾಗಬೇಕು. ನಮ್ಮ ವಿಭಾಗದಿಂದ ಹೀಗೆ ಕೇಳಿದಾಗಲೆಲ್ಲ ನಮ್ಮನ್ನು ಅಡ್ಡಗಾಲು ಹಾಕುವವರೆಂದು ನೋಡಿದರು. ಒಂದು ಸಲ ಮಾತ್ರ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡರು. ಆ ವರ್ಷ ತೆರೆಯಬೇಕಿದ್ದ ಶಾಖೆಗಳಲ್ಲಿ ಅರ್ಧವನ್ನು ಮುಂದಕ್ಕೆ ಹಾಕಿ, ಅಷ್ಟು ಹಣದಲ್ಲಿ ಕೃಷಿ ಸಾಲದ ಅಧಿಕಾರಿಗಳಿಗೆ ಆರು ತಿಂಗಳ ತರಬೇತಿ ಕೊಡಿಸಿದರು. ಆ ತಂಡದವರು ಆಮೇಲೆ ನೋಡಿಕೊಂಡ ಶಾಖೆಗಳಲ್ಲಿ ಸಾಲ ಕೆಟ್ಟದ್ದು ಕಡಿಮೆ.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ದೊಡ್ಡ ಶಾಖೆಯೊಂದರ ಮುಖ್ಯ ವ್ಯವಸ್ಥಾಪಕಿ. ಅವಳ ಬ್ಯಾಂಕು ವಿಲೀನವಾಗಿ ಹೆಸರೂ ಬದಲಾಗಿದೆ. 2019, 2020ರ ಏಪ್ರಿಲ್‌ಗಳಲ್ಲಿ ವಿಜಯ, ಕಾರ್ಪೊರೇಷನ್, ಸಿಂಡಿಕೇಟ್ ಎಂಬ ಫಲಕಗಳು ಇಳಿದದ್ದನ್ನು ಕರಾವಳಿಯವರು ಮರೆತಿಲ್ಲ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ಅವಳಿಗೆ ಒಂದು ಕೆಲಸ ಹೇಳಿದೆ: ನಿನ್ನ ಪ್ರಾದೇಶಿಕ ಕಚೇರಿಯ ಸೀನಿಯಾರಿಟಿ ಲಿಸ್ಟು ತೆಗೆದು, 2011ರಿಂದ ಐದು ವರ್ಷದೊಳಗೆ ಸೇರಿದವರು ಎಷ್ಟು ಮಂದಿ ಎಂದು ಎಣಿಸು. ಎರಡು ದಿನ ಬಿಟ್ಟು ಫೋನ್ ಮಾಡಿದಳು. ‘ಅರ್ಧಕ್ಕರ್ಧ ನಾವೇ ಸಾರ್. ಆಗ ಎಲ್ಲರಿಗೂ ಇಪ್ಪತ್ನಾಲ್ಕು, ಇಪ್ಪತ್ತೈದು.’ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳೇ ಅರವತ್ತಕ್ಕೆ ಕೂಡಿಸಿ ಹೇಳಿದಳು: ‘2046ರಿಂದ ಶುರು.’